ಕಾರಿನ ದೀಪಕ್ಕೆ ಕಲಾಯಿ

ಹಳೆಯ ಕಾರು ಕೊಳ್ಳುವವರು ಯಾರೇ ಸಿಗಲಿ, ಅವರು ಕೇಳದೆಯೇ ನಾನು ಒಂದು ಮಾತು ಹೇಳುತ್ತೇನೆ: ಕಾರನ್ನು ಹಗಲಿನಲ್ಲಿ ಒಮ್ಮೆ ನೋಡಿ, ಕತ್ತಲಾದ ಮೇಲೆ ಇನ್ನೊಮ್ಮೆ ನೋಡಿ. ಹಗಲಿನಲ್ಲಿ ಬಣ್ಣ ಕಾಣುತ್ತದೆ, ಸೀಟು ಕಾಣುತ್ತದೆ, ಮಾರುವವನ ನಗು ಕಾಣುತ್ತದೆ. ದೀಪ ಹೇಗಿದೆ ಎಂಬುದು ಮಾತ್ರ ಕತ್ತಲಾಗುವವರೆಗೆ ಯಾರಿಗೂ ತಿಳಿಯುವುದಿಲ್ಲ.

ತೊಂಬತ್ತರ ದಶಕದ ನಡುವಿನಲ್ಲಿ ನಮ್ಮ ಸೊಲ್ಲಾಪುರದಲ್ಲೇ ಒಬ್ಬ ನಿವೃತ್ತ ಡಾಕ್ಟರರಿಂದ ನಾವು ಕಾರು ಕೊಂಡಾಗ ನಾನು ಎರಡೂ ಹೊತ್ತು ಹೋಗಿ ನೋಡಿದ್ದೆ. ಕೆನೆ ಬಣ್ಣದ, ಗುಂಡು ಬೆನ್ನಿನ ಕಾರು. ವಯಸ್ಸು ಇಪ್ಪತ್ತೈದು ದಾಟಿತ್ತು. ಎಂಜಿನ್ ಚೆನ್ನಾಗಿತ್ತು, ಡಾಕ್ಟರರು ಅದನ್ನು ಸ್ವಂತ ಎದೆಬಡಿತದ ಹಾಗೆ ಕೇಳಿ ಕೇಳಿ ಕಾಪಾಡಿದ್ದರು. ಆದರೆ ಮುಂದಿನ ಎರಡು ದೀಪಗಳ ಗಾಜು ಮಾತ್ರ ಗಂಜಿ ಬಸಿದ ಪಾತ್ರೆಯಂತೆ ಮಬ್ಬಾಗಿತ್ತು. ಹಚ್ಚಿ ತೋರಿಸಿ ಅಂದೆ. ಹಚ್ಚಿದರು. ಅವರ ಅಂಗಳದ ತುಳಸಿಕಟ್ಟೆಯವರೆಗೆ ಬೆಳಕು ಹೋಗಿ ಅಲ್ಲೇ ಕುಳಿತುಬಿಟ್ಟಿತು. ನಾನು ಆ ದೀಪಗಳನ್ನೇ ಹಿಡಿದು ಒಂದು ಗಂಟೆ ಚೌಕಾಸಿ ಮಾಡಿ ಬೆಲೆ ಇಳಿಸಿದೆ. ಕೊನೆಗೆ ಡಾಕ್ಟರರು, ನಲವತ್ತು ವರ್ಷದ ಪೇಶಂಟುಗಳೆಲ್ಲ ಸೇರಿದರೂ ನನ್ನನ್ನು ಇಷ್ಟು ದಣಿಸಿಲ್ಲ ತಾಯಿ ಎಂದು ಕೀಲಿ ಕೈಗಿತ್ತರು.

ದೀಪದ ಹೆಸರಿನಲ್ಲಿ ಉಳಿಸಿದ ಹಣವನ್ನು ದೀಪಕ್ಕೆ ಹಾಕಬೇಕಿತ್ತು. ನಾನು ಅದರಲ್ಲಿ ಎರಡು ಚೀಲ ಶೇಂಗಾ ತೆಗೆದುಕೊಂಡೆ.

ಶೇಂಗಾ ಯಾಕೆಂದರೆ, ನನ್ನದು ಆಗ ಮನೆಯಲ್ಲೇ ನಡೆಯುವ ಅಡುಗೆಯ ಧಂದೆ. ಶುರು ಮಾಡಿದ್ದು ಒಂದು ಒರಳು, ಒಂದು ಹಂಚಿನಿಂದ. ಶೇಂಗಾ ಚಟ್ನಿ ಕುಟ್ಟಿ ಮನೆಮನೆಗೆ ಕೊಡುತ್ತಿದ್ದೆ. ಆಮೇಲೆ ಧಪಾಟಿ ಸೇರಿತು. ಧಪಾಟಿ ತಿನ್ನದವರಿಗಾಗಿ ಹೇಳುತ್ತೇನೆ: ಜೋಳದ ಹಿಟ್ಟಿಗೆ ಸ್ವಲ್ಪ ಕಡಲೆಹಿಟ್ಟು, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಎಳ್ಳು, ಕೊತ್ತಂಬರಿ ಸೇರಿಸಿ ಒದ್ದೆ ಬಟ್ಟೆಯ ಮೇಲೆ ಬಡಿದು ಹಂಚಿಗೆ ಹಾಕುವ ರೊಟ್ಟಿ ಅದು. ಜೋಳ ಮಂಗಳವೇಢೆಯದೇ ಆಗಬೇಕು, ಬೇರೆ ಜೋಳದ ಹಿಟ್ಟು ಬಡಿಯುವಾಗಲೇ ಅಂಚು ಬಿಡುತ್ತದೆ. ಕಡಕ್ ರೊಟ್ಟಿ ತಿಂಗಳಿಟ್ಟರೂ ನಡೆಯುತ್ತದೆ. ಧಪಾಟಿಗೆ ಆ ತಾಳ್ಮೆ ಇಲ್ಲ. ಹಂಚಿನಿಂದ ಇಳಿದ ಎರಡು ಮೂರು ತಾಸಿನಲ್ಲಿ ಹೊಟ್ಟೆ ಸೇರಿದರೆ ಚೆಂದ, ಆಮೇಲೆ ಅದು ಚಪ್ಪಲಿಯ ಅಟ್ಟೆಯ ಹಾಗೆ.

ಅಕ್ಕಲಕೋಟೆಯಲ್ಲಿ ಒಂದು ಖಾನಾವಳಿಯ ಮಾಲಕರು ಪ್ರತಿ ಗುರುವಾರ ಬೆಳಿಗ್ಗೆ ನನ್ನ ಇನ್ನೂರು ಧಪಾಟಿ ತೆಗೆದುಕೊಳ್ಳುತ್ತಿದ್ದರು. ಗುರುವಾರ ಅಲ್ಲಿಯ ಸ್ವಾಮಿಗಳ ಗುಡಿಗೆ ಎಷ್ಟು ಜನ ಸೇರುತ್ತಾರೆ ಎಂಬುದು ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಉಪವಾಸ ಮಾಡುವವರು ಬಹಳ ಮಂದಿ ನಿಜ, ಆದರೆ ಉಪವಾಸದವರ ಜೊತೆ ಬಂದು ಹೊಟ್ಟೆ ತುಂಬ ಉಣ್ಣುವವರು ಅವರ ಎರಡರಷ್ಟು. ನಸುಕಿನ ಕಾಕಡಾರತಿ ಮುಗಿಸಿ ಚಳಿಯಲ್ಲಿ ಹೊರಗೆ ಬಂದವರಿಗೆ ಬಿಸಿ ಧಪಾಟಿ, ಮೇಲೊಂದು ಚಮಚ ಮೊಸರು, ಪಕ್ಕಕ್ಕೆ ಚಟ್ನಿ. ಆರು ಗಂಟೆಗೆ ಬುಟ್ಟಿ ಇಳಿದರೆ ಏಳೂವರೆಗೆ ಖಾಲಿ. ಬೆಳಗಿನ ಮೊದಲ ಸರಕಾರಿ ಎಸ್‌ಟಿ ಬಸ್ಸಿಗೆ ಹಾಕಿ ಕಳಿಸಿದರೆ ಆ ಹೊತ್ತಿಗೆ ಮುಟ್ಟುವುದಿಲ್ಲ. ಕಾರು ಕೊಂಡಿದ್ದೇ ಈ ಒಂದು ಆರ್ಡರಿನ ಬಲದ ಮೇಲೆ. ಈ ಆರ್ಡರು ಹೋದರೆ ಕಾರು ಅಂಗಳದಲ್ಲಿ ಕೋಳಿ ಕೂರಲಿಕ್ಕಷ್ಟೇ ಉಪಯೋಗ.

ಕಾರು ಓಡಿಸುತ್ತಿದ್ದವರು ನಮ್ಮ ಮನೆಯವರು. ಕಚೇರಿಯಲ್ಲಿ ಗುಮಾಸ್ತರು, ಕಾಗದದ ಮೇಲೆ ಗೆರೆ ಎಳೆಯುವಾಗಲೂ ಸ್ಕೇಲು ಬಿಡದ ಮನುಷ್ಯ. ಗುರುವಾರ ನಾಲ್ಕೂವರೆಗೆ ಹೊರಟು, ನನ್ನನ್ನೂ ಬುಟ್ಟಿಗಳನ್ನೂ ಅಕ್ಕಲಕೋಟೆಗೆ ಮುಟ್ಟಿಸಿ, ತಿರುಗಿ ಬಂದು ಸ್ನಾನ ಮಾಡಿ ಕಚೇರಿಗೆ ಹೋಗಬೇಕು. ಮಳೆಗಾಲ ಮುಗಿಯುವವರೆಗೆ ಎಲ್ಲ ಚೆನ್ನಾಗಿ ನಡೆಯಿತು, ಏಕೆಂದರೆ ಬೇಗ ಬೆಳಗಾಗುತ್ತಿತ್ತು. ಚಳಿಗಾಲ ಬಂತು, ಕತ್ತಲು ಉದ್ದವಾಯಿತು, ಕಬ್ಬಿನ ಗಾಡಿಗಳು ರಸ್ತೆಗೆ ಇಳಿದವು. ನಮ್ಮ ದೀಪದಲ್ಲಿ ಎದುರಿಗೆ ಏನು ಕಾಣುತ್ತಿತ್ತು ಅಂದರೆ, ಒಂದು ಹಳದಿ ಮಬ್ಬು. ಆ ಮಬ್ಬಿನೊಳಗಿಂದ ಒಮ್ಮೊಮ್ಮೆ ಎತ್ತಿನ ಬಾಲ ಹೊರಗೆ ಬರುತ್ತಿತ್ತು. ಎದುರಿನಿಂದ ಲಾರಿ ಬಂದರೆ ಇವರು ಕಾರನ್ನು ರಸ್ತೆಯ ಪಕ್ಕಕ್ಕೆ ಪೂರ್ತಿ ನಿಲ್ಲಿಸಿ, ಲಾರಿ ಹೋಗಿ ಧೂಳು ಇಳಿದ ಮೇಲೆ ಹೊರಡುತ್ತಿದ್ದರು. ಹೀಗೆ ಎರಡು ಗುರುವಾರ ಏಳರ ಮೇಲೆ ಮುಟ್ಟಿದೆವು. ಎರಡನೆಯ ಸಲ ಎಂಬತ್ತು ಧಪಾಟಿ ಉಳಿದವು.

ಮಾಲಕರು ಒಳ್ಳೆಯವರು, ಆದರೆ ವ್ಯಾಪಾರಿ. ಚಹಾ ಕೊಟ್ಟು, ನಾನು ಕಪ್ಪು ಕೆಳಗಿಡುವವರೆಗೆ ಕಾದು, ಮೆಲ್ಲಗೆ ಹೇಳಿದರು: “ಅಕ್ಕಾರ, ನಿಮ್ಮ ಕೈರುಚಿ ಬ್ಯಾರೆಯವರಿಗಿ ಬರೂದಿಲ್ಲ, ಖರೆ. ಆದ್ರ ಆರತಿ ಮುಗಿಸಿದ ಜನ ನಿಮ್ಮ ಕಾರಿನ ದಾರಿ ಕಾಯೂದಿಲ್ಲ. ಬರೂ ಗುರುವಾರ ಆರಕ್ಕ ಬುಟ್ಟಿ ಇಲ್ಲಿ ಇರಬೇಕು. ಇಲ್ಲಂದ್ರ ನಾ ಪೋಹೆವಾಲಾಗ ಹೇಳಿಬಿಡ್ತೀನಿ.”

ಪೋಹೆವಾಲಾ ಎಂದರೆ ಅದೇ ಊರಿನಲ್ಲಿ ಕೈಗಾಡಿಯ ಮೇಲೆ ಅವಲಕ್ಕಿ ಒಗ್ಗರಣೆ ಮಾಡುತ್ತಿದ್ದವನು. ನನ್ನ ಧಪಾಟಿಯ ಜಾಗಕ್ಕೆ ಅವಲಕ್ಕಿ ಬರುವುದನ್ನು ನೆನೆಸಿಕೊಂಡು ದಾರಿಯುದ್ದಕ್ಕೂ ನಾನು ಮಾತಾಡಲಿಲ್ಲ. ಇವರು ಅದನ್ನು ನೋಡಿ ಹೆದರಿ, ಮನೆ ಮುಟ್ಟುವಷ್ಟರಲ್ಲಿ ತಾವಾಗಿಯೇ, ಮೊದಲು ದೀಪ ಬದಲಿಸಿಬಿಡೋಣ ಎಂದರು.

ಮರುದಿನ ಬಿಡಿಭಾಗಗಳ ಅಂಗಡಿಗೆ ಹೋದೆವು. ನಮ್ಮ ಕಾರು ಎಷ್ಟು ಹಳೆಯದೆಂದರೆ ಅದರ ದೀಪ ಇಡೀ ಊರಿನಲ್ಲಿ ಆ ಒಂದು ಅಂಗಡಿಯಲ್ಲಿ ಮಾತ್ರ, ಅದೂ ಒಂದೇ ಜೋಡಿ. ಅಂಗಡಿಯ ಶೇಟಜಿ ಅದನ್ನು ಅಟ್ಟದಿಂದ ಇಳಿಸಿ ಧೂಳು ಒರೆಸಿ ಮುಂದಿಟ್ಟು ಬೆಲೆ ಹೇಳಿದರು. ನಾನು ಅರ್ಧ ಹೇಳಿದೆ. ಅವರು ತಲೆ ಅಲ್ಲಾಡಿಸಿದರು. ನಾನು ಇನ್ನಷ್ಟು ಸೇರಿಸಿದೆ. ಅವರು ದೀಪವನ್ನು ಮತ್ತೆ ಪೆಟ್ಟಿಗೆಯಲ್ಲಿಟ್ಟರು. ಆಗ ನಾನು ನನ್ನ ಕೊನೆಯ ಅಸ್ತ್ರ ತೆಗೆದೆ: ಎದ್ದು, ಇವರ ತೋಳು ಹಿಡಿದು, ಹೊರಗೆ ನಡೆದೆ.

ಹತ್ತು ಹೆಜ್ಜೆಯೊಳಗೆ ಅಂಗಡಿಯವರು ಕರೆಯುತ್ತಾರೆ. ಸೀರೆ ಅಂಗಡಿಯವರು ಆರನೆಯ ಹೆಜ್ಜೆಗೇ ಕರೆಯುತ್ತಾರೆ. ಅವತ್ತು ಹತ್ತಾಯಿತು, ಹದಿನೈದಾಯಿತು. ಮೂಲೆಯಲ್ಲಿ ಕಬ್ಬಿನ ಹಾಲಿನ ಅಂಗಡಿ ಇತ್ತು, ಅಲ್ಲಿ ನಿಂತು ಎರಡು ಗ್ಲಾಸು ಹೇಳಿದೆ, ಕುಡಿಯಲಿಕ್ಕಲ್ಲ, ಕಾಯಲಿಕ್ಕೆ. ಇವರು ತಮ್ಮ ಗ್ಲಾಸು ಮುಗಿಸಿ, ಅತ್ತ ಇತ್ತ ನೋಡಿ, “ಕರೀಲಿಲ್ಲಲ್ಲ,” ಅಂದರು. ನಾನು, ಕರೆಯುತ್ತಾರೆ ಇರಿ ಅಂದೆ. ಗ್ಲಾಸಿನ ತಳ ಒಣಗಿತು. ಯಾರೂ ಕರೆಯಲಿಲ್ಲ.

ಇದರಿಂದ ನಾನು ಕಲಿತದ್ದನ್ನು ನಿಮಗೂ ಹೇಳುತ್ತೇನೆ. ಎದ್ದು ಹೋಗುವ ಆಟ ಆಡಬೇಕಾದರೆ ಊರಿನಲ್ಲಿ ಅದೇ ಸಾಮಾನಿನ ಎರಡನೆಯ ಅಂಗಡಿ ಇರಬೇಕು. ಇಲ್ಲದಿದ್ದರೆ ನೀವು ಎದ್ದು ಹೋಗುತ್ತಿಲ್ಲ, ಸುಮ್ಮನೆ ಮನೆಗೆ ಹೋಗುತ್ತಿದ್ದೀರಿ.

ತಿರುಗಿ ಹೋಗಿ ಹೇಳಿದ ಬೆಲೆಗೆ ತೆಗೆದುಕೊಳ್ಳಬಹುದಿತ್ತು. ಆದರೆ ಅಷ್ಟು ಹೊತ್ತು ಕಬ್ಬಿನ ಹಾಲಿನ ಅಂಗಡಿಯಲ್ಲಿ ನಿಂತ ಮೇಲೆ ನನ್ನ ಕಾಲು ಆ ಕಡೆ ಏಳಲಿಲ್ಲ. ಮನೆಗೆ ಬಂದು ಹೇಳಿದೆ: ಹೊಸದೇಕೆ, ಇದ್ದುದನ್ನೇ ತಿಕ್ಕಿದರಾಯಿತು. ಮಬ್ಬಾದದ್ದನ್ನು ಬೆಳಗುವುದು ನನಗೆ ಹೊಸದಲ್ಲ, ಹುಟ್ಟಿದಾಗಿನಿಂದ ಹಿತ್ತಾಳೆ ಕೊಡ ಬೆಳಗಿದವಳು.

ಭಾನುವಾರ ಬೆಳಿಗ್ಗೆ ಇವರು ಸ್ಕ್ರೂಡ್ರೈವರ್ ಹಿಡಿದು ಕಾರಿನ ಮುಂದೆ ಚಾಪೆ ಹಾಸಿಕೊಂಡು ಕುಳಿತರು. ಸುತ್ತಲಿನ ಹೊಳೆಯುವ ಬಳೆ ತೆಗೆದರು, ಗಾಜು ಬಿಡಿಸಿದರು. ಹಳೆಯ ಕಾಲದ ದೀಪದಲ್ಲಿ ಗಾಜು ಬೇರೆ, ಒಳಗಿನ ಬಟ್ಟಲು ಬೇರೆ, ನಡುವೆ ರಬ್ಬರಿನ ಬಳೆ. ಆ ರಬ್ಬರು ಒಣಗಿ ಬಿರಿದಿತ್ತು. ವರ್ಷಗಟ್ಟಲೆ ಅಲ್ಲಿಂದ ಧೂಳು, ತೇವ, ಎಣ್ಣೆಯ ಹೊಗೆ ಒಳಗೆ ಹೋಗಿ ಗಾಜಿನ ಒಳಮೈಗೆ ಅಂಟಿಕೊಂಡಿತ್ತು. ಮಬ್ಬಿದ್ದದ್ದು ಹೊರಗಲ್ಲ, ಒಳಗೆ. ಹೊರಗಿನಿಂದ ನಾವು ಎಷ್ಟು ಒರೆಸಿದ್ದೆವೋ ಎಲ್ಲ ವ್ಯರ್ಥ. ಬಿಸಿನೀರಿಗೆ ಸೋಡಾ ಹಾಕಿ ಗಾಜನ್ನು ನೆನೆಯಿಟ್ಟು ಹಳೆಯ ಬನಿಯನ್ನಿನಿಂದ ತಿಕ್ಕಿದೆ. ಅರ್ಧ ಗಂಟೆಯಲ್ಲಿ ಗಾಜು ಎಷ್ಟು ತಿಳಿಯಾಯಿತೆಂದರೆ, ಎತ್ತಿ ಹಿಡಿದಾಗ ಅದರ ಉದ್ದುದ್ದ ಪಟ್ಟಿಗಳೊಳಗೆ ಎದುರು ಮನೆಯ ಅಜ್ಜಿ ಸಾಲಾಗಿ ಹತ್ತು ಮಂದಿಯಾಗಿ ಕಂಡಳು. ನಾನು ಗೆದ್ದೆನೆಂದುಕೊಂಡೆ.

ಅಲ್ಲಿಗೇ ನಿಲ್ಲಿಸಿದ್ದರೆ ಈ ಬರಹ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಒಳಗಿನ ಬಟ್ಟಲನ್ನು ನೋಡಿದೆ. ಬಲ್ಬಿನ ಬೆಳಕನ್ನು ಮುಂದಕ್ಕೆ ತಳ್ಳುವುದು ಅದೇ, ಮೆಕ್ಯಾನಿಕರು ರಿಫ್ಲೆಕ್ಟರ್ ಅನ್ನುತ್ತಾರೆ. ಬೆಳ್ಳಿಯಂತೆ ಇರಬೇಕಾದದ್ದು ಮಂಕಾಗಿ, ಅಲ್ಲಲ್ಲಿ ಹಳದಿ ಹಿಡಿದಿತ್ತು. ಆಕಾರ ನೋಡಿದರೆ ಥೇಟ್ ನಮ್ಮ ದೇವರ ಮನೆಯ ಅಭಿಷೇಕದ ಬಟ್ಟಲು. ನಾನು ಹುಣಸೆಹಣ್ಣು, ಬೂದಿ, ನಾರು ತಂದೆ. ಇವರು, ಯಾರಾದರೂ ಮೆಕ್ಯಾನಿಕ್‌ನನ್ನು ಒಂದು ಮಾತು ಕೇಳಬಹುದಿತ್ತು ಅಂದರು. ಕೇಳಿದರೆ ಅವನು ದುಡ್ಡು ಕೇಳುತ್ತಾನೆ ಅಂದೆ.

ತಿಕ್ಕಿದ ಕೂಡಲೇ ಕರಿ ನೀರು ಇಳಿಯಿತು. ಹಿತ್ತಾಳೆ ಬೆಳಗಿದ ಯಾವ ಹೆಂಗಸನ್ನಾದರೂ ಕೇಳಿ, ಕರಿ ನೀರು ಇಳಿದರೆ ಎಷ್ಟು ಸಂತೋಷವಾಗುತ್ತದೆ. ಕೊಳೆ ಬಿಡುತ್ತಿದೆ ಎಂದು ಅರ್ಥ. ನಾನು ಇನ್ನೂ ಹುರುಪಿನಿಂದ ತಿಕ್ಕಿದೆ. ಒಂದನ್ನು ಮುಗಿಸಿ, ತೊಳೆಯುವ ಮೊದಲೇ ಎರಡನೆಯದಕ್ಕೂ ಕೈ ಹಚ್ಚಿದೆ. ಎರಡನ್ನೂ ಒಟ್ಟಿಗೆ ನೀರಿನಲ್ಲಿ ಅದ್ದಿ ಎತ್ತಿದಾಗ ಕೈಯಲ್ಲಿ ಇದ್ದದ್ದು ರೊಟ್ಟಿ ಹಂಚಿನ ಹಿಂಬದಿಯಂಥ ಎರಡು ತಗಡಿನ ಬಟ್ಟಲು. ಬೆಳ್ಳಿಯ ನೀರು ಕೊಟ್ಟ ತೆಳುವಾದ ಒಂದು ಪದರ ಇತ್ತಲ್ಲ, ಅದೇ ಕರಿ ನೀರಾಗಿ ಬಚ್ಚಲಿಗೆ ಹೋಗಿತ್ತು.

ಇವರು ಒಂದು ಬಟ್ಟಲನ್ನು ಎತ್ತಿ ಬಿಸಿಲಿಗೆ ಹಿಡಿದರು. ಆಮೇಲೆ, “ಸ್ವಚ್ಛ ಅಂತೂ ಆತು,” ಅಂದರು.

ಆ ಮಾತಿಗೆ ಸಿಟ್ಟು ಬರಬೇಕಿತ್ತು, ನಗು ಬಂತು. ಇಬ್ಬರೂ ಚಾಪೆಯ ಮೇಲೆ ಕುಳಿತು ಕಣ್ಣೀರು ಬರುವಷ್ಟು ನಕ್ಕೆವು. ನಗು ಮುಗಿದ ಮೇಲೆ ನನಗೆ ಲೆಕ್ಕ ಹೊಳೆಯಿತು: ಭಾನುವಾರ ಹೋಯಿತು, ಉಳಿದದ್ದು ಮೂರು ದಿನ.

ಸೋಮವಾರ ಮತ್ತೆ ಅದೇ ಅಂಗಡಿ. ಕಾಲು ಏಳಲಿಲ್ಲ ಅಂದೆನಲ್ಲ, ಅವತ್ತು ತಾನಾಗಿಯೇ ಓಡಿತು. ಶೇಟಜಿ ಗಲ್ಲೆಯ ಹಿಂದೆ ಕುಳಿತು ವೀಳ್ಯ ಜಗಿಯುತ್ತಿದ್ದರು. ಹೇಳಿದ ಬೆಲೆಗೇ ಕೊಡಿ ಅಂದೆ. ಅವರು ಅಟ್ಟದ ಕಡೆ ಕೈ ತೋರಿಸಿದರು, ಅಲ್ಲಿ ಪೆಟ್ಟಿಗೆ ಇರಲಿಲ್ಲ.

“ವೈನಿ, ನೀವು ಅತ್ಲಾಗ ಹ್ವಾದ್ರಿ, ಇತ್ಲಾಗ ಮಂಗಳವೇಢೆಯವ ಒಬ್ಬಾಂವ ಬಂದ. ರೇಟ್ ಸುದ್ದಾ ಕೇಳಲಿಲ್ಲ, ಕಟ್ಟಿಸಿಕೊಂಡು ಹ್ವಾದ. ಪುಣೆದಿಂದ ತರಸಬೇಕಂದ್ರ ಎಂಟು ಹತ್ತು ದಿನ.”

ಇವರು ನನ್ನ ಮುಖ ನೋಡಲಿಲ್ಲ. ನೋಡದೆ ಇರುವುದೂ ಒಂದು ದಾಕ್ಷಿಣ್ಯ. ಗುಜರಿ ಅಂಗಡಿಗಳಲ್ಲಿ ಕೇಳಿದೆವು, ಬೇರೆ ಕಾರಿನ ದೀಪಗಳು ಸಿಕ್ಕವು, ಒಂದು ದೊಡ್ಡದು, ಒಂದು ಚೌಕ. ನಮ್ಮ ಕಾರಿನ ದುಂಡು ಗೂಡಿಗೆ ಯಾವುದೂ ಕೂಡಲಿಲ್ಲ. ಇವರು ಕಚೇರಿಯಲ್ಲಿ ಯಾರದಾದರೂ ಜೀಪು ಸಿಗುತ್ತದೆಯೇ ಎಂದು ಕೇಳಿ ಬಂದರು. ಸಿಗಲಿಲ್ಲ.

ಮಂಗಳವಾರ ಸಂಜೆ ಧಪಾಟಿಯ ಹಿಟ್ಟು ಕಲಸುವ ದೊಡ್ಡ ತಾಮ್ರದ ಪಾತೇಲಿಯನ್ನು ತೊಳೆಯುತ್ತಿದ್ದೆ. ಒಳಗೆ ತವರದ ಕಲಾಯಿ ಬೆಳ್ಳಗೆ ಹೊಳೆಯುತ್ತಿತ್ತು, ಹಚ್ಚಿಸಿ ಹದಿನೈದು ದಿನವೂ ಆಗಿರಲಿಲ್ಲ. ಅಡುಗೆಮನೆಯ ಬಲ್ಬಿನ ಬೆಳಕು ಅದರೊಳಗೆ ಬಿದ್ದು ಸೂರಿನ ಜಂತಿಗೆ ಹೊಡೆದಿತ್ತು. ನಾನು ಪಾತೇಲಿಯನ್ನು ಅತ್ತ ಇತ್ತ ವಾಲಿಸಿದೆ. ಬೆಳಕು ಸೂರಿನಿಂದ ಗೋಡೆಗೆ, ಗೋಡೆಯಿಂದ ಬಾಗಿಲಿಗೆ ಬಂದು ಅಲ್ಲಿ ನಿಂತಿದ್ದ ಇವರ ಮುಖದ ಮೇಲೆ ಬಿತ್ತು. ಇವರು ಕಣ್ಣಿಗೆ ಕೈ ಅಡ್ಡ ಹಿಡಿದರು. ನನಗೆ ಅಷ್ಟು ಸಾಕಾಯಿತು.

ಕಲಾಯಿಯ ಚಾಚಾ ನಮ್ಮ ಓಣಿಗೆ ತಿಂಗಳಿಗೊಮ್ಮೆ ಬರುವವರು. ಗಡ್ಡ ಬೆಳ್ಳಗಾಗಿತ್ತು, ಕೈ ಮಾತ್ರ ಯಾವಾಗಲೂ ಕಪ್ಪು. ಅವತ್ತೇ ಅವರ ಮನೆ ಹುಡುಕಿಕೊಂಡು ಹೋಗಿ ಬುಧವಾರ ಬೆಳಿಗ್ಗೆ ಬರಲು ಒಪ್ಪಿಸಿದೆ. ಬಂದರು, ಬೇವಿನ ಮರದ ಕೆಳಗೆ ಗುಂಡಿ ತೋಡಿ, ಇದ್ದಲು ಹಾಕಿ, ತಿದಿ ಹೂಡಿದರು. ಪಾತ್ರೆ ತೆಗೆದುಕೊಂಡು ಬಾ ಅಂದರು. ನಾನು ಸೆರಗಿನಲ್ಲಿ ಮುಚ್ಚಿಕೊಂಡು ತಂದ ಎರಡು ಬಟ್ಟಲನ್ನು ಮುಂದಿಟ್ಟೆ. ತಿರುಗಿಸಿ ನೋಡಿದರು, ಬಲ್ಬಿನ ತೂತಿನೊಳಗಿಂದ ನನ್ನನ್ನು ನೋಡಿದರು.

“ಬೇಟಿ, ಇದು ಮೋಟಾರಿನ ಕಣ್ಣು. ಇದಕ್ಕ ಹುಣಸಿಹಣ್ಣು ಹಚ್ಚಿದವರು ಯಾರು?”

ಇವರು ಬೇವಿನ ಮರದ ತುದಿಯಲ್ಲಿ ಏನೋ ಹಕ್ಕಿ ಇದೆಯೆಂಬಂತೆ ಮೇಲೆ ನೋಡತೊಡಗಿದರು. ನಾನು, ಯಾರೋ ತಿಳಿಯದವರು ಹಚ್ಚಿದ್ದಾರೆ, ಈಗ ದಾರಿ ಹೇಳಿ ಅಂದೆ. ಚಾಚಾ ಗಡ್ಡದೊಳಗೇ ನಕ್ಕರು. ತಾಮ್ರ, ಹಿತ್ತಾಳೆ ಆದರೆ ಮಾತು ಕೇಳುತ್ತವೆ, ಇದು ಕಬ್ಬಿಣದ ತಗಡು, ಬಹಳ ಸೊಕ್ಕಿನದು, ಹಿಡಿದರೆ ಹಿಡಿಯಿತು, ಇಲ್ಲದಿದ್ದರೆ ಇಲ್ಲ ಅಂದರು. ಚೌಕಾಸಿ ಬಿಟ್ಟರೆ ನಾನು ನಾನಲ್ಲ. ಅಳತೆಯಲ್ಲಿ ಇವು ಎರಡು ಸಣ್ಣ ವಾಟಿ, ವಾಟಿಯ ರೇಟು ಹಾಕಿ ಅಂದೆ.

“ವಾಟಿ ಒಳಗ ಸಾರು ಹಾಕ್ತೀರಿ. ಸಾರಿನ ರೇಟ್ ನನಗ ಗೊತ್ತೈತಿ. ಬೆಳಕಿನ ರೇಟ್ ಇವತ್ತಿನ ತನಕ ಯಾರೂ ಕೇಳಿಲ್ಲ,” ಎಂದು ಅವರು ತಿದಿ ಒತ್ತುತ್ತಲೇ ಹೇಳಿದರು. ಕೊನೆಗೆ ದುಡ್ಡಿನ ಮಾತೇ ಬೇಡ, ಮನೆಯಲ್ಲಿ ಮೊಮ್ಮಕ್ಕಳಿದ್ದಾರೆ, ಹದಿನೈದು ಧಪಾಟಿ, ಚಟ್ನಿ ಕೊಡು ಅಂದರು. ನಾನು ಹತ್ತು ಅಂದೆ. ಹನ್ನೆರಡಕ್ಕೆ ನಿಂತೆವು, ಮೊಸರು ನನ್ನದು. ಅದರ ಮೇಲೊಂದು ಷರತ್ತು ಹಾಕಿದರು: ಧಪಾಟಿ ಈಗ, ಕೆಲಸ ಆಮೇಲೆ. ಅರ್ಧ ಕೆಲಸ ಆದ ಮೇಲೆ ನಾನು ಮತ್ತೆ ರೇಟು ಇಳಿಸುತ್ತೇನೆಂದು ಅವರಿಗೆ ಎಷ್ಟೋ ವರ್ಷಗಳಿಂದ ಗೊತ್ತಿತ್ತು.

ಹಿಂದಿನ ಬಲ್ಬಿನ ಗೂಡನ್ನು ಇವರು ಮೊದಲೇ ಬಿಚ್ಚಿಟ್ಟಿದ್ದರು. ಚಾಚಾ ಬಟ್ಟಲನ್ನು ಆಮ್ಲದಲ್ಲಿ ತೊಳೆದು, ಇಕ್ಕಳದಲ್ಲಿ ಹಿಡಿದು, ಕೆಂಡದ ಮೇಲೆ ತಿರುಗಿಸುತ್ತ ಕಾಯಿಸಿದರು. ನವಸಾಗರದ ಪುಡಿ ಎರಚಿದಾಗ ಬಿಳಿ ಹೊಗೆ ಎದ್ದು ಓಣಿಯ ಜನ ಕೆಮ್ಮಿದರು. ತವರದ ಕಡ್ಡಿ ಮುಟ್ಟಿಸಿದರು. ತವರ ಕರಗಿತು, ಆದರೆ ಹರಡಲಿಲ್ಲ. ಕಾದ ಹಂಚಿನ ಮೇಲೆ ನೀರು ಚಿಮುಕಿಸಿದ ಹಾಗೆ ಗುಂಡು ಗುಂಡಾಗಿ ಓಡಾಡಿ ಕೆಳಗೆ ಉದುರಿಬಿಟ್ಟಿತು. ನನ್ನ ಕಣ್ಣ ಮುಂದೆ ಪೋಹೆವಾಲಾನ ಕೈಗಾಡಿ ಬಂತು. ಚಾಚಾ ಬೇಸರ ಮಾಡಿಕೊಳ್ಳಲಿಲ್ಲ. ಮತ್ತೆ ಆಮ್ಲ, ಮತ್ತೆ ಮರಳಿನಿಂದ ತಿಕ್ಕಾಟ, ಮತ್ತೆ ಕೆಂಡ. ಎರಡನೆಯ ಸಲ ಕಡ್ಡಿ ಮುಟ್ಟಿಸಿ, ಹತ್ತಿಯ ಉಂಡೆಯಿಂದ ಒಳಗೆ ಒಂದೇ ಸುತ್ತು ಸುತ್ತಿದರು. ಕರಿ ತಗಡಿನ ಮೇಲೆ ಬೆಳಗು ಹರಿದಂತೆ ಬಿಳುಪು ಹರಿಯಿತು. ತಳದಿಂದ ಅಂಚಿನವರೆಗೆ ಸಣ್ಣ ಸಣ್ಣ ಸುತ್ತುಗೆರೆ, ಅದು ಬಿಟ್ಟರೆ ಎಲ್ಲ ಬೆಳ್ಳಿ. ಎರಡನೆಯ ಬಟ್ಟಲೂ ಹಾಗೇ ಆಯಿತು.

ಇನ್ನು ಇದನ್ನು ಯಾರೂ ಮುಟ್ಟಬಾರದು, ಬಟ್ಟೆಯಿಂದ ಕೂಡ ಒರೆಸಬಾರದು ಎಂದು ಚಾಚಾ ಎಲ್ಲರಿಗೂ ಹೇಳಿದರು, ನೋಡಿದ್ದು ಮಾತ್ರ ನನ್ನನ್ನು. ನಾನು ಕೈ ಹಿಂದೆ ಕಟ್ಟಿಕೊಂಡೆ.

ಸಂಜೆಗೆ ಇವರು ಹೊಸ ರಬ್ಬರು ಹಾಕಿ, ಗಾಜು ಕೂಡಿಸಿ, ಸ್ಕ್ರೂ ಬಿಗಿದರು. ಹಚ್ಚಿದಾಗ ಎದುರು ಮನೆಯ ಗೋಡೆ ಇಡೀ ಬೆಳಗಿತು. ಅಲ್ಲಿನ ಅಜ್ಜಿ ಹೊರಗೆ ಬಂದು, “ಯಾರದರೆ ಮದಿವಿ ಏನವಾ?” ಎಂದು ಕೇಳಿದಳು. ಆದರೆ ಇವರ ಮುಖದಲ್ಲಿ ಚಿಂತೆ. ಸುತ್ತುಗೆರೆಗಳಿಂದಾಗಿ ಬೆಳಕು ಅಗಲವಾಗಿ ಹರಡುತ್ತಿತ್ತು, ದೂರಕ್ಕೆ ಹೋಗುತ್ತಿರಲಿಲ್ಲ. ಗೋಡೆ ಎಂದರೆ ಹತ್ತು ಹೆಜ್ಜೆ, ರಸ್ತೆ ಎಂದರೆ ಬೇರೆ ಅಂದರು. ನಾನು ಹಿಟ್ಟು ಕಲಸಲು ಹೋದೆ.

ಗುರುವಾರ ನಾಲ್ಕೂವರೆಗೆ ಹೊರಟೆವು. ಹಿಂದಿನ ಸೀಟಿನಲ್ಲಿ ಬುಟ್ಟಿಗಳು ಹೊಗೆಯಾಡುತ್ತಿದ್ದವು. ಊರ ದೀಪಗಳು ಹಿಂದೆ ಉಳಿದವು. ನಿಜ, ಬೆಳಕು ದೂರಕ್ಕೆ ಹೋಗುತ್ತಿರಲಿಲ್ಲ. ಆದರೆ ರಸ್ತೆಯ ಎರಡೂ ಬದಿ, ಗಿಡದ ಬುಡ, ಮೈಲುಗಲ್ಲು, ಹೊಲದ ಬೇಲಿಯವರೆಗೆ ಹಾಲು ಚೆಲ್ಲಿದ ಹಾಗೆ ಹಬ್ಬಿತ್ತು. ಕುಂಭಾರಿ ದಾಟಿದ ಮೇಲೆ ಕಬ್ಬಿನ ಗಾಡಿಗಳ ಸಾಲು ಸಿಕ್ಕಿತು. ಕತ್ತಲೆಯಲ್ಲಿ ನಮಗೆ ಬೇಕಾಗಿದ್ದದ್ದು ಇದೇ: ಫರ್ಲಾಂಗು ದೂರದ ಗಾಡಿಯಲ್ಲ, ಪಕ್ಕದಲ್ಲಿ ದೀಪವಿಲ್ಲದೆ ಹೋಗುವ ಗಾಡಿ. ಈಗ ಎತ್ತಿನ ಬಾಲವಷ್ಟೇ ಅಲ್ಲ, ಕೊರಳ ಗಂಟೆ ಕಂಡಿತು, ಗಾಡಿಯ ಮೇಲೆ ಕಂಬಳಿ ಹೊದ್ದು ಮಲಗಿದವನ ಪಾದ ಕಂಡಿತು. ಇವರು ನಲವತ್ತರ ಮೇಲೆ ಹೋಗಲಿಲ್ಲ, ಆದರೆ ಎಲ್ಲೂ ನಿಲ್ಲಿಸಲೂ ಇಲ್ಲ. ವಳಸಂಗದ ಹತ್ತಿರ ಲಾರಿಯೊಂದು ಎದುರು ಬಂತು. ನಾನು ಅಭ್ಯಾಸದಂತೆ ಬುಟ್ಟಿ ಹಿಡಿದುಕೊಂಡೆ. ಇವರು ಸ್ವಲ್ಪ ಎಡಕ್ಕೆ ಸರಿದು, ಪಕ್ಕದ ಮಣ್ಣಿನ ಅಂಚನ್ನು ನೋಡಿಕೊಂಡು ಸಾಗಿಸಿಬಿಟ್ಟರು.

ಅಕ್ಕಲಕೋಟೆ ಮುಟ್ಟಿದಾಗ ಆರಕ್ಕೆ ಕಾಲು ಗಂಟೆ ಇತ್ತು.

ಮಾಲಕರು ಬಾಗಿಲಲ್ಲಿ ನಿಂತಿದ್ದರು. ಪಕ್ಕದಲ್ಲಿ ಪೋಹೆವಾಲಾನ ಕೈಗಾಡಿಯೂ ನಿಂತಿತ್ತು, ಸ್ಟೋವ್ ಆಗಲೇ ಹೊತ್ತಿತ್ತು. ನಾವು ಬರುತ್ತೇವೋ ಇಲ್ಲವೋ ಎಂದು ಮಾಲಕರು ಎರಡೂ ಕಡೆ ಕಾಲಿಟ್ಟುಕೊಂಡಿದ್ದರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ, ಹಾಗಾಗಿ ಸಿಟ್ಟಾಗಲಿಲ್ಲ. ಬುಟ್ಟಿ ಇಳಿಸಿ ಮೇಲಿನ ಬಟ್ಟೆ ಸರಿಸಿದೆ. ಬೆಳ್ಳುಳ್ಳಿ, ಎಳ್ಳಿನ ವಾಸನೆ ಬೀದಿಗೆ ಹೋಯಿತು. ಆರತಿಯಿಂದ ಬರುತ್ತಿದ್ದ ಮೊದಲ ಗುಂಪು ಕೈಗಾಡಿಯ ಹತ್ತಿರ ನಿಲ್ಲದೆ ಒಳಗೆ ಬಂತು. ಎರಡನೆಯದೂ ಬಂತು. ಮಾಲಕರು ಮೊಸರಿನ ಗಡಿಗೆ ತೆರೆದರು.

ಸ್ವಲ್ಪ ಬಿಡುವಾದಾಗ ನಾನೇ ಮಾತು ತೆಗೆದೆ. ಪೋಹೆವಾಲಾನಿಗೂ ಮನೆ ಇದೆ, ಅವನನ್ನು ಕಳಿಸಬೇಡಿ, ಆದರೆ ಅವನ ಸ್ಟೋವ್ ಏಳೂವರೆಗೆ ಹೊತ್ತಲಿ, ಧಪಾಟಿ ಮುಗಿದ ಮೇಲೆ. ಮಾಲಕರು ಯೋಚಿಸಿ ಒಪ್ಪಿದರು. ಪೋಹೆವಾಲಾ ನನ್ನ ಕಡೆ ನೋಡಿ ಸ್ಟೋವ್ ಆರಿಸಿ ಒಂದು ಧಪಾಟಿ ಕೇಳಿದ. ಕೊಟ್ಟೆ.

ಮಾಲಕರು ವ್ಯಾಪಾರಿ ಎಂದು ಮೊದಲೇ ಹೇಳಿದ್ದೇನೆ. ಕಾರಿನ ಹತ್ತಿರ ಹೋಗಿ ಸುತ್ತಿ ಬಂದು, ನಗುತ್ತ ಹೇಳಿದರು: “ಹೊಸಾ ದೀಪ ಹಾಕ್ಸೀರಿ, ಅಂದ್ರ ಧಂದೆ ಜೋರ ನಡದೈತಿ. ಧಪಾಟಿಗಿ ನಾಕಾಣೆ ಕಡಿಮಿ ಮಾಡ್ರಿ ಇನ್ನ.”

ದೀಪ ಹೊಸದೆಂದು ಒಪ್ಪಿದರೆ ಇನ್ನೂರು ಧಪಾಟಿಯ ಮೇಲೆ ತಲಾ ನಾಲ್ಕಾಣೆ ಹೋಗುತ್ತದೆ. ಒಪ್ಪದಿದ್ದರೆ ಮರ್ಯಾದೆ ಹೋಗುತ್ತದೆ. ನಾನು ಒಂದು ಕ್ಷಣವೂ ಯೋಚಿಸಲಿಲ್ಲ.

“ಹೊಸಾವಲ್ರಿ ಮಾಲಕರ. ಹುಣಸಿಹಣ್ಣು ಹಚ್ಚಿ ತಿಕ್ಕಿ ನಾನ ಕೆಡಿಸಿದ್ದೆ. ಕಲಾಯಿ ಮಾಡಿಸೀನಿ.”

ಅವರು ನಂಬಲಿಲ್ಲ. ಧೋತರ ಎತ್ತಿಕೊಂಡು ಕಾರಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು ಗಾಜಿನೊಳಗೆ ಇಣುಕಿದರು. ಸುತ್ತುಗೆರೆಗಳನ್ನು ನೋಡಿದರು. ತಮ್ಮ ಅಡುಗೆಮನೆಯ ಪಾತೇಲಿಗಳಲ್ಲಿ ಅವರು ಆ ಗೆರೆಗಳನ್ನು ದಿನಾ ನೋಡುವವರು. ಅಲ್ಲೇ ಕುಳಿತು ನಗತೊಡಗಿದರು, ಏಳಲಿಕ್ಕೆ ಇವರು ಕೈ ಕೊಡಬೇಕಾಯಿತು. ನಾಲ್ಕಾಣೆಯ ಮಾತು ಮತ್ತೆ ಬರಲಿಲ್ಲ. ಗುರುವಾರದ ಆರ್ಡರು ಉಳಿಯಿತು, ಮುಂದಿನ ವಾರದಿಂದ ಇನ್ನೂರೈವತ್ತು ಎಂದು ತಾವಾಗಿಯೇ ಹೇಳಿದರು.

ನೀವೂ ಹೀಗೆ ಮಾಡಿ ಎಂದು ನಾನು ಹೇಳುವುದಿಲ್ಲ. ಆ ಕಲಾಯಿ ಒಂದು ಮಳೆಗಾಲ ತಡೆಯಿತು, ಆಮೇಲೆ ಮಂಕಾಯಿತು. ಮತ್ತೊಮ್ಮೆ ಮಾಡಿಸಿ, ಮರುವರ್ಷ ಪುಣೆಯಿಂದ ಹೊಸ ಜೋಡಿಯನ್ನೇ ತರಿಸಿದೆವು. ಗಾಜನ್ನು ಮಾತ್ರ ಧೈರ್ಯವಾಗಿ ತೊಳೆಯಿರಿ, ನೆರಳಿನಲ್ಲಿ ಪೂರ್ತಿ ಒಣಗಿಸಿ, ರಬ್ಬರು ಹೊಸದು ಹಾಕಿ. ಒಳಗಿನ ಬಟ್ಟಲಿಗೆ ಬೆರಳೂ ತಾಗಿಸಬೇಡಿ. ಇಷ್ಟನ್ನು ಯಾರಾದರೂ ನನಗೆ ಶನಿವಾರ ಹೇಳಿದ್ದರೆ ಹನ್ನೆರಡು ಧಪಾಟಿ ಉಳಿಯುತ್ತಿದ್ದವು.

ಖಾಲಿ ಬುಟ್ಟಿ ಹಾಕಿಕೊಂಡು ಹೊರಟಾಗ ಎಂಟಾಗಿತ್ತು. ಬಿಸಿಲು ಚೆನ್ನಾಗಿ ಬಿದ್ದಿತ್ತು, ಜೋಳದ ಹೊಲಗಳ ಮೇಲೆ ಗಿಳಿ ಹಿಂಡು ಇಳಿಯುತ್ತಿತ್ತು. ಎದುರು ಬಂದ ಎಸ್‌ಟಿ ಡ್ರೈವರ್ ನಮ್ಮ ಕಡೆ ಕೈ ಚಾಚಿ ಮುಷ್ಟಿ ತೆರೆದು ಮುಚ್ಚಿ ಮಾಡಿದ. ಆಮೇಲೆ ಸ್ಕೂಟರಿನವನೊಬ್ಬ ಹಾಗೇ ಮಾಡಿದ. ಹಗಲಿನಲ್ಲಿ ದೀಪ ಉರಿಯುತ್ತಿದೆ ಎಂದು ಹೇಳುವ ಸನ್ನೆ ಅದು. ಹೊರಡುವ ಮೊದಲು ಮಾಲಕರ ಅಡುಗೆಯವರಿಗೆಲ್ಲ ತೋರಿಸಲೆಂದು ಹಚ್ಚಿದ ದೀಪ ಹಾಗೇ ಉರಿಯುತ್ತಿತ್ತು. ಇವರು ಗಡಬಡಿಸಿ ದೀಪದ ಸ್ವಿಚ್ಚಿಗೆ ಕೈ ಹಾಕಿದರು. ಬ್ಯಾಟರಿ ಹಾಳಾಗುತ್ತದೆಂದು ದಿನಾ ಬೈಯುವವಳು ನಾನೇ.

“ಇರ್ಲಿ ಬಿಡ್ರಿ,” ಅಂದೆ, “ವಳಸಂಗದ ತನಕ.”

ಇವರು ಕೈ ಹಿಂದೆ ತೆಗೆದುಕೊಂಡರು. ಮುಂದೆ ಬಂದ ಮೂರು ಲಾರಿಗಳವರೂ ಮುಷ್ಟಿ ತೋರಿಸಿದರು. ಮೂವರಿಗೂ ನಾನು ಕೈ ಬೀಸಿದೆ.